ಸಲೋಮಾಳ ಹಿತ್ತಿಲಿಗೆ ನಡೆದುಬಂದ ಫೋನುಗೂಡು

ಹೋಮ್ಸ್ ಕೌಂಟಿಯ ಆಮಿಶ್ ಜನ ಹಳೆಯ ಕಾಲದಂತೆಯೇ ಬದುಕುವ ಕ್ರೈಸ್ತ ಪಂಗಡದವರು; ಮನೆಯೊಳಗೆ ಫೋನು ಇಡುವಂತಿಲ್ಲ. ಅದಕ್ಕೇ ಐದು ಮನೆಯವರು ಸೇರಿ ರಸ್ತೆಬದಿಯಲ್ಲಿ ಮರದ ಗೂಡೊಂದನ್ನು ನಿಲ್ಲಿಸಿ, ಅದರಲ್ಲಿ ಒಂದು ಫೋನು ಇಟ್ಟುಕೊಂಡಿದ್ದರು. ಬೇರೆ ಕಡೆಯ ಗೂಡುಗಳು ಇದ್ದಲ್ಲೇ ಇದ್ದವು. ಈ ಗೂಡಿಗೆ ಮಾತ್ರ ಕಾಲು ಬಂತು.

ಕಾಲು ಬರಿಸಿದವಳು ಸಲೋಮಾ ಗಿಂಗರಿಚ್. ಅರವತ್ತೆಂಟು ದಾಟಿದ ಈ ಅಜ್ಜಿಗೆ ನಾಲಿಗೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಸವೆದಿತ್ತು. ದೂರದ ಮೊಂಟಾನಾದಲ್ಲಿದ್ದ ತಂಗಿ ಗುರುವಾರ ಮಾಡುವ ಫೋನಿಗಾಗಿ ವಾರವಿಡೀ ಕಾಯುತ್ತಿದ್ದಳು. ಮಂಡಿನೋವು ಜೋರಾದ ಒಂದು ಚಳಿಗಾಲ ಗಂಡ ಎನೋಸ್ ಕುದುರೆ ಹೂಡಿ ಗೂಡನ್ನು ಇಪ್ಪತ್ತು ಹೆಜ್ಜೆ ಈಚೆಗೆ ಎಳೆದ. ಮರುವರ್ಷ ಮತ್ತೆ ಇಪ್ಪತ್ತು. ಆರನೆಯ ವರ್ಷಕ್ಕೆ ಅದು ಅಡುಗೆಮನೆಯ ಹಿಂಬಾಗಿಲಿಗೇ ಬಂದು ನಿಂತಿತು. ನಿಯಮ ಮುರಿದಿಲ್ಲವಲ್ಲ ಎಂಬುದು ಸಲೋಮಾಳ ವಾದ: ಗೂಡಿಗೆ ತನ್ನದೇ ಸೂರಿತ್ತು, ಮನೆಗೂ ಅದಕ್ಕೂ ನಡುವೆ ಗೇಣಗಲ ಆಕಾಶವಿತ್ತು.

ವಸಂತದಲ್ಲಿ ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಮೊದಲು ಸಭೆಯ ಒಬ್ಬೊಬ್ಬರೂ ತಮಗೆ ಯಾರ ಮೇಲೂ ಮುನಿಸಿಲ್ಲ ಎಂದು ಹೇಳಬೇಕು. ಇಲ್ಲದಿದ್ದರೆ ಅಲ್ಲಿ ರೊಟ್ಟಿ ಮುರಿಯುವಂತಿಲ್ಲ. ಈ ಸಲ ಗೂಡಿನ ಪಾಲುದಾರರಾದ ಉಳಿದ ನಾಲ್ಕು ಮನೆಯವರು ಹಾಗೆ ಹೇಳಲು ಒಪ್ಪಲಿಲ್ಲ.

ಮರುದಿನ ಬಿಷಪ್ ಮೋಸ್ ಬಂದ. ಸಲೋಮಾಳ ಜೊತೆ ಒಂದೇ ಶಾಲೆಯಲ್ಲಿ ಓದಿದವನು. ಫೋನು ಕಿತ್ತುಕೊಳ್ಳಲು ಬಂದನೆಂದು ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ತಂಗಿಯ ದನಿಯೂ ಹೋದರೆ ತನಗಿನ್ನೇನು ಉಳಿಯಿತು ಎಂಬ ಭಯ ಒಳಗೊಳಗೇ ಇತ್ತು.

ಮೋಸ್ ಕಿತ್ತುಕೊಳ್ಳುವ ಮಾತು ಎತ್ತಲೇ ಇಲ್ಲ. ಇನ್ನೆರಡು ವರ್ಷಕ್ಕೆ ಗೂಡು ಮಂಚದ ಪಕ್ಕ ಬರುತ್ತದೇನೋ ಎಂದು ನಕ್ಕು, ಎರಡು ತುಂಡು ಸೇಬಿನ ಪೈ ತಿಂದ. ಏಳುವಾಗ ಕೇಳಿದ:

"ಎರ್ಮಾನ್ನ ನೋಡಿ ಎಷ್ಟು ದಿನ ಆಯ್ತೇ, ಸಲೋಮಾ?"

ಎರ್ಮಾ ಪಕ್ಕದ ಹೊಲದವಳು. ಗೂಡು ರಸ್ತೆಬದಿಯಲ್ಲಿದ್ದಾಗ ಸರದಿ ಕಾಯುತ್ತ ಇಬ್ಬರೂ ಅರ್ಧ ದಿನ ಹರಟುತ್ತಿದ್ದರು. ಎಷ್ಟು ಯೋಚಿಸಿದರೂ ಸಲೋಮಾಳಿಗೆ ನೆನಪಾಗಲಿಲ್ಲ.

"ಅವಳ ಗಂಡ ಹಾಸಿಗೆ ಹಿಡಿದು ತಿಂಗಳಾಯ್ತು. ಡಾಕ್ಟ್ರಿಗೆ ಫೋನ್ ಮಾಡೋಕೆ ಎರಡು ಮೈಲಿ ನಡೆದು ಬೇರೆ ಗೂಡಿಗೆ ಹೋಗ್ತಾಳೆ. ನಿನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ಮಾತಾಡೋಕೆ ಸಂಕೋಚವಂತೆ. ನಿನ್ನ ಕಿವಿ ಬಲು ಚುರುಕಲ್ವಾ."

ಅವನು ಹೋದಮೇಲೆ ಸಲೋಮಾ ನಾಚಿಕೆಯಿಂದ ಅತ್ತಳು. ಮೂಗೊರಸಿಕೊಂಡು ಎನೋಸನಿಗೆ ಕುದುರೆ ಹೂಡಲು ಹೇಳಿದಳು. ಅರ್ಧ ದಾರಿಗೆ ನಿಲ್ಲಿಸಿದರೆ ಸಾಲದೇ ಎಂದು ಅವನು ಗೊಣಗಿದ.

"ರಸ್ತೆ ತನಕ ಎಳಿ."

"ನಿನ್ನ ಮಂಡಿ?"

"ನೋಯುತ್ತೆ. ಎರ್ಮಾನ ತೋಳು ಹಿಡ್ಕೊಂಡು ನಡೀತೀನಿ, ಅವಳು ಹಿಡ್ಕೊಳ್ಳೋಕೆ ಬಿಟ್ರೆ."