ಮಲಂಗಸಾಬರ ಏರಿಯಲ್

ಜೇವರ್ಗಿಯಲ್ಲಿ ರೇಡಿಯೊ ಕೊಂಡವರೆಲ್ಲ ತಂತಿ ಸುತ್ತಿದ ಚೌಕಟ್ಟಿನ ಏರಿಯಲ್ ಆರಿಸಲು ಗಡಿಯಾರ ರಿಪೇರಿಯ ಮಲಂಗಸಾಬರ ಬಳಿಗೇ ಬರಬೇಕು, ಬಂದವರು ಬೈಸಿಕೊಳ್ಳಲೇಬೇಕು. 'ಬಣ್ಣ ಏನ್ ನೋಡ್ತೀರಿ? ಸುತ್ತು ಎಣಸ್ರಿ! ಇದು ಬರೇ ಕೇಳೋ ಸಾಮಾನು, ಮಾತಾಡಂಗಿಲ್ಲ. ಅಂಚು ತಿರುಗಿಸಿದ ದಿಕ್ಕಿನ ಸುದ್ದಿ ಕೇಳಸ್ತದ. ಮುಖ ತಿರುಗಿಸಿದ್ರ ಆ ದಿಕ್ಕಿಗೆ ಕಿವುಡು!' ಅವರು ತೆಗಳದ ಚೌಕಟ್ಟಿಲ್ಲ, ತಂತಿ ಬಿಚ್ಚಿ ಸುತ್ತದ ದಿನವಿಲ್ಲ. ಸಂಜೆ, ಸಿಂಗಾಪುರದ ರೇಡಿಯೊ ಯುದ್ಧದಲ್ಲಿ ಅಲ್ಲಿ ಸೆರೆಸಿಕ್ಕ ಸಿಪಾಯಿಗಳ ಹೆಸರು ಓದುವ ಹೊತ್ತಿಗೆ, ಹೆಂಡತಿ ವಜೀರುನ್ನಿಸಾ ಪಕ್ಕದಲ್ಲಿ ಬಂದು ಕೂರುತ್ತಾಳೆ. 'ನಮ್ಮ ಇಸ್ಮಾಯಿಲನ ಹೆಸರು ಇವತ್ತರ ಬರ್ತದೇನ್ರಿ?' 'ಬರ್ತದ ತಗೋ, ಹಾಳಾದ್ ತಂತಿನೇ ಸರಿ ಇಲ್ಲ,' ಎಂದು ಗೊಣಗುತ್ತ ಸಾಬರು ಚೌಕಟ್ಟಿನ ಮುಖವನ್ನು ಸಿಂಗಾಪುರವಿರುವ ಆಗ್ನೇಯಕ್ಕೇ ನೇರವಾಗಿ ತಿರುಗಿಸಿಡುತ್ತಾರೆ. ಸತ್ತವರ ಪಟ್ಟಿಯಲ್ಲಿ ಮಗನ ಹೆಸರು ಅವರಿಗೆ ಹೋದ ರಂಜಾನಿನಲ್ಲೇ ಸ್ಪಷ್ಟವಾಗಿ ಕೇಳಿತ್ತು.