ಮಹಡಿಯ ಮೇಲಿನ ಐದನೇ ತರಗತಿ

ಆ ಬೀದಿಯ ಹೆಂಗಸರು ಅವಳನ್ನು ಪಾರ್ಲರ್ ಅಕ್ಕ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಕತ್ತರಿ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಮನೆಯ ಮುಂದಿನ ಕೋಣೆಯೇ ಪಾರ್ಲರ್: ಒಂದು ತಿರುಗುವ ಕುರ್ಚಿ, ಒಂದು ಉದ್ದನೆಯ ಕನ್ನಡಿ, ಕನ್ನಡಿಯ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಅವಳ ಮಗಳು. ಹುಡುಗಿಗೆ ಹುಟ್ಟಿದಾಗಿನಿಂದ ಕಾಲು ಸ್ವಾಧೀನದಲ್ಲಿಲ್ಲ. ಮಾತು ಬರುತ್ತದೆ, ಆದರೆ ಒಂದೊಂದು ಪದವೂ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಬರುತ್ತದೆ. ಕಾಯುವವರಿಗೆ ಕೇಳುತ್ತದೆ. ಕಾಯದವರು ‘ಪಾಪ’ ಎಂದು ಎದ್ದು ಹೋಗುತ್ತಾರೆ.

ಆ ‘ಪಾಪ’ ಕಿವಿಗೆ ಬಿದ್ದರೆ ಅಕ್ಕನಿಗೆ ಮೈಯೆಲ್ಲ ಉರಿ. ಐಬ್ರೋ ಮಾಡುವಾಗ ದಾರದ ತುದಿ ಹಲ್ಲಿನ ನಡುವೆ ಇರುವುದರಿಂದ ಬಾಯಿ ಬಿಡುವ ಹಾಗಿರಲಿಲ್ಲ. ಹಾಗಾಗಿ ಉತ್ತರವನ್ನು ದಾರವೇ ಕೊಡುತ್ತಿತ್ತು.

“ಅಯ್ಯೋ, ಮೆತ್ತಗೆ ಕಣೇ! ಕಣ್ಣಲ್ಲಿ ನೀರು ಬಂತು.”

ಅಕ್ಕ ದಾರ ಬಿಟ್ಟು ಕೇಳುತ್ತಿದ್ದಳು. “ನೋವಾಯ್ತಾ? ಪಾಪ.”

ಮಗಳು ಕನ್ನಡಿಯಲ್ಲಿ ಕಿಸಕ್ಕನೆ ನಗುತ್ತಿದ್ದಳು.

ಬೀದಿಯ ಕೊನೆಗೇ ಶಾಲೆ. ನಾಲ್ಕನೇ ತರಗತಿಯವರೆಗೆ ನೆಲಮಹಡಿಯಲ್ಲಿ, ಐದರಿಂದ ಮೇಲೆ. ಹುಡುಗಿ ನಾಲ್ಕನೆಯದರಲ್ಲಿದ್ದಾಗಲೇ ಅಕ್ಕ ಹೆಡ್‌ಮಾಸ್ಟರರ ಬಳಿ ಹೋಗಿದ್ದಳು. ಕೆಳಗಿನ ಮೂಲೆಯಲ್ಲಿ ಬೀಗ ಹಾಕಿದ ಒಂದು ದೊಡ್ಡ ಕೋಣೆಯಿತ್ತು. ಅದರೊಳಗೆ ಮುರಿದ ಬೆಂಚುಗಳು, ಸುತ್ತಿಟ್ಟ ಹಳೆಯ ನಕ್ಷೆಗಳು, ಗಾಜಿನ ಬೀರುವಿನಲ್ಲಿ ಆಟೋಟಗಳಲ್ಲಿ ಗೆದ್ದ ಕಪ್ಪುಗಳು. ಐದನೇ ತರಗತಿಯನ್ನು ಅಲ್ಲಿಗೆ ಇಳಿಸಿದರೆ ಸಾಕು, ಮಗಳ ಓದು ಮುಂದುವರಿಯುತ್ತದೆ. ಅವಳು ಕೇಳಿದ್ದು ಅಷ್ಟೇ.

“ಕಪ್ಪುಗಳನ್ನ ಮೇಲೆ ಸಾಗಿಸೋಕೆ ಹೋದ್ರೆ ನೆಗ್ಗಿಹೋಗ್ತವೆ ಕಣಮ್ಮ. ಸ್ಕೂಲಿನ ಮರ್ಯಾದೆ ಅದು,” ಎಂದರು ಹೆಡ್‌ಮಾಸ್ಟರು.

“ಮಕ್ಕಳನ್ನ ಮೇಲೆ ಸಾಗಿಸಿದ್ರೆ ಏನೂ ಆಗಲ್ವಾ ಸಾರ್?”

“ಮನೇಲೇ ಪಾಠ ಹೇಳಿಸಿ. ನಿಮಗೂ ಆರಾಮ, ಅವಳಿಗೂ ಆರಾಮ.”

“ನಿಮಗೂ ಅನ್ನೋದನ್ನ ಮರೆತ್ರಿ.”

ಹೆಡ್‌ಮಾಸ್ಟರು ಕೈ ತೊಳೆದುಕೊಂಡು ಶಿಕ್ಷಣಾಧಿಕಾರಿಯ ಕಡೆ ಬೆರಳು ತೋರಿಸಿದರು. ಶಿಕ್ಷಣಾಧಿಕಾರಿ ಹೆಡ್‌ಮಾಸ್ಟರರ ಕಡೆ ತೋರಿಸಿದ. ವರ್ಷವಿಡೀ ಅವಳು ಚೆಂಡಿನಂತೆ ಶಾಲೆಗೂ ಆಫೀಸಿಗೂ ನಡುವೆ ಓಡಾಡಿದಳು.

ಒಬ್ಬಳೇ ಓಡಾಡಲಿಲ್ಲ. ಮಕ್ಕಳಿಗೆ ವ್ಯಾಯಾಮ ಮಾಡಿಸುವ, ಮಾತು ಕಲಿಸುವ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ತಾಯಂದಿರು ಜೊತೆಗಿದ್ದರು. ಒಬ್ಬಳಿಗೆ ಮಗುವಿನ ಸಲುವಾಗಿ ಆಫೀಸಿನಲ್ಲಿ ಕೆಲಸವಿದ್ದರೆ ಉಳಿದವರೂ ಹೋಗಿ ಹಿಂದೆ ನಿಲ್ಲುವುದು ಅವರ ಕಟ್ಟುಪಾಡು. ಇನ್ನೊಂದೂ ಇತ್ತು. ಆಫೀಸಿಗೆ ಹೋಗುವ ದಿನ ಎಲ್ಲರೂ ಇದ್ದುದರಲ್ಲಿ ಹಳೆಯ ಬಟ್ಟೆ ಉಡಬೇಕು, ತಲೆ ಬಾಚಬಾರದು. ಹಾಗೆ ಕಲಿಸಿಕೊಟ್ಟವಳು ಇಬ್ಬರು ಕಿವುಡು ಗಂಡುಮಕ್ಕಳ ಅಮ್ಮ, ಎಲ್ಲರೂ ಅವಳಿಗಳ ಅಮ್ಮ ಎನ್ನುತ್ತಿದ್ದವಳು.

“ಚೆನ್ನಾಗಿ ಕಂಡ್ರೆ ‘ನಿಮಗೇನಮ್ಮ ಕಷ್ಟ’ ಅಂತಾರೆ ಅಕ್ಕ. ಅವರಿಗೆ ಕಣ್ಣಿಗೆ ಕಾಣೋ ಹಾಗೆ ಕಷ್ಟ ಬೇಕು,” ಎನ್ನುತ್ತಿದ್ದಳು.

ಬೇರೆಯವರ ಮುಖಕ್ಕೆ ಕಳೆ ತಂದು ಹೊಟ್ಟೆ ಹೊರೆಯುವವಳು ತನ್ನ ಮುಖವನ್ನು ಬಾಡಿಸಿಕೊಂಡು ಹೋಗಿ ನಿಂತಳು. ಸಿಕ್ಕಿದ್ದು ವರಾಂಡದ ಬೆಂಚು, ‘ನಾಳೆ ಬಾ’ ಎಂಬ ಮಾತು.

ಶಾಲೆ ಬೇಸಿಗೆ ರಜಕ್ಕೆ ಮುಚ್ಚಿದ ಮೇಲೆ ಒಂದು ಬೆಳಿಗ್ಗೆ ಅವಳ ತಾಳ್ಮೆ ಹರಿಯಿತು. ತಾಯಂದಿರು ಎಂದಿನಂತೆ ಕೆದರಿದ ತಲೆಯಲ್ಲಿ ಬಾಗಿಲಿಗೆ ಬಂದಾಗ ಒಬ್ಬೊಬ್ಬರನ್ನೇ ತಿರುಗುವ ಕುರ್ಚಿಗೆ ಎಳೆದಳು.

“ಕೂತ್ಕೊಳೇ. ಅಳುಮೋರೆ ಹಾಕ್ಕೊಂಡು ಕಡಿದು ಕಟ್ಟೆ ಹಾಕಿದ್ದು ಸಾಕು. ನಾವೇನು ಬೇಡೋಕೆ ಹೋಗ್ತಿದ್ದೀವಾ?”

ತಲೆ ಬಾಚಿದಳು, ಹುಬ್ಬು ತಿದ್ದಿದಳು, ತುಟಿಗೆ ತೆಳುವಾಗಿ ಬಣ್ಣ ಹಚ್ಚಿದಳು. ತನ್ನ ಬೀರುವಿನಲ್ಲಿದ್ದ ಒಳ್ಳೆಯ ಬಟ್ಟೆಗಳನ್ನೆಲ್ಲ ಹಂಚಿದಳು. ಅವಳಿಗಳ ಅಮ್ಮ ಕನ್ನಡಿಯ ಮುಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡಳು.

ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಹೊರಟರು. ಅಂಗವಿಕಲ ಮಕ್ಕಳ ಅಹವಾಲು ಕೇಳುವ ಶಿಕ್ಷಣಾಧಿಕಾರಿಯ ಆಫೀಸೂ ಮಹಡಿಯ ಮೇಲೇ ಇತ್ತು.

ಬಾಗಿಲಲ್ಲಿ ಅವರನ್ನು ಕಂಡದ್ದೇ ಶಿಕ್ಷಣಾಧಿಕಾರಿ ಕುರ್ಚಿಯಿಂದ ಎದ್ದ. “ಬನ್ನಿ ಮೇಡಂ, ಬನ್ನಿ! ನಿಮಗೇ ಕಾಯ್ತಿದ್ದೆ. ಏಯ್, ಕುರ್ಚಿ ತಗೊಂಡ್ ಬಾರೋ!”

ಶಾಲೆಗಳಿಗೆ ದಾನ ಕೊಡುವ ಸಿರಿವಂತ ಹೆಂಗಸರ ಕ್ಲಬ್ಬೊಂದು ಆ ದಿನ ಬರುವುದಿತ್ತು; ಅವರು ಕೊನೆಗೂ ಬರಲಿಲ್ಲ. ಅಧಿಕಾರಿ ಇವರೇ ಅವರು ಎಂದುಕೊಂಡಿದ್ದ. ಆ ಮನುಷ್ಯ ಪಾರ್ಲರ್ ಅಕ್ಕನ ಮುಖವನ್ನು ಎಷ್ಟೋ ಸಲ ನೋಡಿದ್ದ ಎಂದರೆ ತಪ್ಪಾಗುತ್ತದೆ. ಆ ಮುಖದ ಕಡೆಗೆ ಎಷ್ಟೋ ಸಲ ‘ನಾಳೆ ಬಾ’ ಎಂದಿದ್ದ, ಫೈಲಿನಿಂದ ತಲೆಯೆತ್ತದೆ.

ಅವಳಿಗಳ ಅಮ್ಮ ಬಾಯಿ ತೆರೆಯಲು ಹೋದಳು. ಅಕ್ಕ ಅವಳ ತೊಡೆ ಚಿವುಟಿದಳು. ಚಹಾ ಬಂತು. ಆ ಆಫೀಸಿನಲ್ಲಿ ಚಹಾ ಲೋಟಗಳಿವೆ ಎಂಬುದೇ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ಈ ಸಲ ಗಾಲಿಕುರ್ಚಿ ಕೊಡಿ ಮೇಡಂ. ಫೋಟೋ ಚೆನ್ನಾಗಿ ಬರುತ್ತೆ.”

“ಗಾಲಿಕುರ್ಚಿ ಮೆಟ್ಟಿಲು ಹತ್ತುತ್ತಾ ಸಾರ್?” ಅಕ್ಕ ಕೇಳಿದಳು.

ಅವನು ನಕ್ಕ. “ಅಯ್ಯೋ, ಒಬ್ಬಳಿದಾಳೆ ಮೇಡಂ. ಮಗಳಿಗೋಸ್ಕರ ಇಡೀ ಕ್ಲಾಸನ್ನೇ ಕೆಳಗಿಳಿಸಿ ಅಂತ ಪ್ರಾಣ ತಿಂತಾಳೆ. ಇಂಥವರನ್ನ ಸ್ವಲ್ಪ ಅಲೆದಾಡಿಸಬೇಕು. ಸುಸ್ತಾಗಿ ತಾವೇ ಬಿಡ್ತಾರೆ. ಪಾಪ, ಆ ಮಗು ಓದಿ ತಾನೇ ಏನ್ ಆಗ್ಬೇಕು?”

ಅಕ್ಕನ ಹಲ್ಲುಗಳು ಇಲ್ಲದ ದಾರವನ್ನು ಕಚ್ಚಿ ಹಿಡಿದವು. ಒಂದು ಕ್ಷಣ ಆ ಬೋಳುತಲೆಯನ್ನೂ ಅದರ ಕೆಳಗಿನ ದಪ್ಪ ಹುಬ್ಬುಗಳನ್ನೂ ಕಸುಬಿನವಳ ಕಣ್ಣಿನಿಂದ ನೋಡಿದಳು. ಆಮೇಲೆ ತನ್ನ ಗಿರಾಕಿಗಳು ಮಾತಾಡುವ ಧಾಟಿಯಲ್ಲಿ, ಲೋಟ ಕೆಳಗಿಡುತ್ತ ಹೇಳಿದಳು.

“ಇಳಿಸಿಬಿಡಿ ಸಾರ್. ಕೆಳಗಿನ ಕೋಣೆ ನೀಟಾಗಿದ್ರೆ ನೋಡೋಕೂ ಚಂದ. ಸ್ಕೂಲ್ ಶುರುವಾಗೋ ದಿನ ನೀವೇ ಬಂದು ರಿಬ್ಬನ್ ಕತ್ತರಿಸಿ.”

“ರಿಬ್ಬನ್ನಾ?” ಅವನ ಮುಖ ಅರಳಿತು. “ನೀವು ಹೇಳಿದ ಮೇಲೆ ಮುಗೀತು ಬಿಡಿ!” ಅಲ್ಲೇ ಫೋನೆತ್ತಿ ಹೆಡ್‌ಮಾಸ್ಟರರಿಗೆ ಹೇಳಿದ. ಒಬ್ಬ ತಾಯಿಗೆ ವರ್ಷವಿಡೀ ಸಿಗದಿದ್ದದ್ದು ಇಸ್ತ್ರಿ ಮಾಡಿದ ಬಟ್ಟೆಗೆ ಒಂದು ಲೋಟ ಚಹಾ ಆರುವಷ್ಟರಲ್ಲಿ ಸಿಕ್ಕಿತು.

ಕೆಳಗಿಳಿದ ಮೇಲೆ ಉಳಿದವರು ನಗು ತಡೆಯಲಾರದೆ ಒಬ್ಬರ ಮೇಲೊಬ್ಬರು ಬಿದ್ದರು. ಅಕ್ಕ ಕಾಂಪೌಂಡಿನ ನಲ್ಲಿಯ ಕೆಳಗೆ ಬಗ್ಗಿ ತುಟಿಯ ಬಣ್ಣವನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು.

“ಗೆದ್ದೆಯಲ್ಲ ಅಕ್ಕ, ಇನ್ನೇನು?” ಎಂದಳು ಅವಳಿಗಳ ಅಮ್ಮ.

“ನಾನೆಲ್ಲಿ ಗೆದ್ದೆ? ಅವನು ನನ್ನ ಕಡೆ ನೋಡ್ಲೇ ಇಲ್ವಲ್ಲೇ.”

ಶಾಲೆ ಶುರುವಾದ ಬೆಳಿಗ್ಗೆ ಮೂಲೆಯ ಕೋಣೆಯನ್ನು ಗುಡಿಸಿ ಸಿದ್ಧ ಮಾಡಿದ್ದರು. ಕಪ್ಪುಗಳು ಒಂದೂ ನೆಗ್ಗದೆ ಮಹಡಿ ಏರಿದ್ದವು. ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್. ಅಧಿಕಾರಿ ಕತ್ತರಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಎಂದಿನ ಮಾಸಿದ ಬಟ್ಟೆಯಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಬಂದವಳನ್ನು ಕಂಡು ಅವನು ಮೊದಲು ಪಕ್ಕಕ್ಕೆ ಸರಿಯುವಂತೆ ಕೈ ಮಾಡಿದ. ಆಮೇಲೆ ಕಣ್ಣು ಕಿರಿದಾಗಿಸಿದ.

“ನೀವು... ಮೇಡಂ, ಈ ಹುಡುಗಿ?”

“ನನ್ನ ಮಗಳು.”

ಅವನ ಮುಖ ಕಪ್ಪಿಟ್ಟಿತು. ಹಿಂದೆ ಸರಿಯುವ ಹಾಗಿರಲಿಲ್ಲ. ಫೋಟೋದವನು ಎದುರಿಗಿದ್ದ, ಮಕ್ಕಳು ಸಾಲಾಗಿ ನಿಂತಿದ್ದರು. “ಮೊದಲೇ ಹೇಳಬಾರದಿತ್ತಾ?” ಎಂದ ತಗ್ಗಿದ ದನಿಯಲ್ಲಿ.

“ಹೇಳಿದ್ದೆ ಸಾರ್. ಒಂದು ವರ್ಷದಿಂದ.”

ಅವನು ನಗು ತಂದುಕೊಂಡು ಹುಡುಗಿಯ ತಲೆ ಸವರಲು ಬಗ್ಗಿದ. “ಪಾಪ...” ಎನ್ನುವಷ್ಟರಲ್ಲಿ ಹುಡುಗಿಯ ಬಾಯಿ ಅಲುಗಿತು. ಏನೋ ಹೇಳುತ್ತಿದ್ದಾಳೆ. ಫೋಟೋದವನು ಕ್ಯಾಮೆರಾ ಇಳಿಸಿದ. ಎಲ್ಲರೂ ಕಾಯಬೇಕಾಯಿತು.

“ದಾರಿ...” ಎಂದಳು. ಬಹಳ ಹೊತ್ತಾದ ಮೇಲೆ, “ಬಿಡಿ.”

ಅವನು ಸರಿದ. ರಿಬ್ಬನ್ನನ್ನು ಗಾಲಿಕುರ್ಚಿಯೇ ಹರಿದುಕೊಂಡು ಹೋಯಿತು.

ಸಂಜೆ ಅವಳಿಗಳ ಅಮ್ಮ ಪಾರ್ಲರಿಗೆ ಬಂದಳು. “ಆರನೇ ಕ್ಲಾಸು ಎಲ್ಲಿದೆ ಅಕ್ಕ?”

“ಮೇಲೆ.”

“ಮತ್ತೆ ಬಣ್ಣ ಹಚ್ಕೊಂಡು ಹೋಗೋಣ್ವಾ?”

“ಬೇಡ. ಈ ಸಲ ಇವಳನ್ನೇ ಎತ್ಕೊಂಡು ಅವನ ಮಹಡಿ ಹತ್ತೋಣ. ಏನ್ ಬೇಕು ಅಂತ ಇವಳೇ ಹೇಳ್ಲಿ. ಮುಗಿಯೋವರೆಗೂ ಕೂತು ಕೇಳ್ಲಿ ಅವನು.” ಅಕ್ಕ ದಾರದ ಉಂಡೆ ಹುಡುಕಿದಳು. “ನೀನು ಕೂತ್ಕೋ. ಹುಬ್ಬು ಕಾಡಾಗಿದೆ.”

ದಾರ ಹಲ್ಲಿಗೆ ಬಂತು. ಕನ್ನಡಿಯ ಪಕ್ಕದಲ್ಲಿ ಹುಡುಗಿ ತುಟಿ ಅಲುಗಿಸುತ್ತಿದ್ದಳು, ಆ ಮಾತನ್ನು ಈಗಿನಿಂದಲೇ ಶುರು ಮಾಡಿದವಳಂತೆ.