ಪೊಂಗಲ್ ದಿನ ಹುಟ್ಟಿದ ಕರು

ನಾವು ಅವ್ವ ಎನ್ನುತ್ತಿದ್ದ ನಮ್ಮ ಅಜ್ಜಿ ಮದುವೆಯಾಗಿ ಕಂಬಂ ಕಡೆಗೆ ಬಂದದ್ದು ಲಾರಿಯ ಹಿಂಭಾಗದಲ್ಲಿ, ಹಸುವಿನ ಕೊರಳು ತಬ್ಬಿ ನಿಂತುಕೊಂಡು. ವೇದಸಂದೂರಿನ ಆಚೆಗಿದ್ದ ತವರಿನವರು ಮದುಮಗಳ ಜೊತೆ ಒಂದು ಹಸುವನ್ನೂ ಕಳಿಸಿದ್ದರು. ಲಾರಿ ಹೊರಟ ಕೂಡಲೇ ಹಸು ಹೆದರಿ ಒದೆಯತೊಡಗಿತಂತೆ. ತಾತ ಹೊಸ ಪಂಚೆ ಉಟ್ಟು ಡ್ರೈವರ್ ಪಕ್ಕ ಕೂತಿದ್ದ. ಅವ್ವ ಚಿನ್ನಾಳಪಟ್ಟಿ ಸೀರೆಯನ್ನು ಎತ್ತಿ ಕಟ್ಟಿ ಹಿಂದಕ್ಕೆ ಹತ್ತಿದವಳು ದಿಂಡಿಗಲ್ ದಾಟಿ, ತೇನಿ ದಾಟಿ, ಊರು ಬರುವವರೆಗೂ ಇಳಿಯಲಿಲ್ಲ. ಮದುಮಗಳನ್ನು ನೋಡಲು ಬಂದ ಹೆಂಗಸರಿಗೆ ಮೊದಲು ಕಂಡದ್ದು ಸೀರೆಗೆ ಮೆತ್ತಿದ ಸಗಣಿ. ಇದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು. ತಾತನಿಗೆ ತನ್ನ ಹೆಂಡತಿ ಯಾರು, ಹಸು ಯಾರು ಎಂದು ಗುರುತು ಸಿಕ್ಕಿದ್ದೇ ಮೂರನೇ ದಿನ ಎನ್ನುತ್ತಿದ್ದಳು.

ಅವ್ವನ ಹೆಸರು ಚೆಲ್ಲಮ್ಮಾಳ್. ನನ್ನ ಅಪ್ಪ ಪೆರಿಯಣ್ಣನ್‌ನ ತಾಯಿ. ನಮ್ಮ ಮನೆತನದಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವಾಗ ತವರಿನ ಹಸುವಿನ ಸಂತಾನದಲ್ಲಿ ಒಂದು ಅವಳ ಹಿಂದೆ ಹೋಗಬೇಕು. ಈಗ ಹೆಚ್ಚಿನವರು ಸ್ಕೂಟರ್ ಕೊಡುತ್ತಾರೆ. ಅವ್ವ ಮಾತ್ರ ಲಾರಿಯಲ್ಲಿ ಬಂದ ಆ ಹಸುವಿನ ಸಂತಾನವನ್ನು ಬಿಡದೆ ಉಳಿಸಿಕೊಂಡಿದ್ದಳು. ನಾನು ಹುಡುಗಿಯಾಗಿದ್ದಾಗ ಅದರಲ್ಲಿ ಉಳಿದಿದ್ದದ್ದು ಕೆಂಪಿ ಒಂದೇ. ದ್ರಾಕ್ಷಿ ತೋಟಗಳಿಗೆ ಔಷಧಿ ಹೊಡೆಯುತ್ತಾರೆಂದು ಅಲ್ಲಿನ ಹುಲ್ಲನ್ನು ಅವ್ವ ಕೆಂಪಿಗೆ ಮುಟ್ಟಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕಾಲುವೆಯ ದಂಡೆಗೆ ಹೋಗಿ ತಾನೇ ಕೊಯ್ದು ತರುತ್ತಿದ್ದಳು. ಹಸುವಿನ ಮುಂದೆ ಹುಲ್ಲು ಹಾಕಿ ಕೈಮುಗಿದ ಮೇಲೆಯೇ ಅವಳ ಕಾಪಿ.

ಕೆಂಪಿ ಸಾಲಾಗಿ ಹೋರಿಗಳನ್ನೇ ಹಾಕುತ್ತ ಬಂತು. ಅದಕ್ಕೂ ವಯಸ್ಸಾಗುತ್ತಿತ್ತು. "ಮುಂದಿನದು ಹೆಣ್ಣಾಗಲಿ, ಅದು ತೇನ್‌ಮೊಳಿಗೆ" ಎಂದು ಅವ್ವ ಮನೆಮಂದಿಯ ಎದುರು ಮಾತು ಕೊಟ್ಟಿದ್ದಳು. ತೇನ್‌ಮೊಳಿ ಅಂದರೆ ನಾನು. ಆಗಲೇ ನನಗೆ ಗಂಡು ನೋಡುತ್ತಿದ್ದರು. ಕೆಂಪಿ ಮತ್ತೆ ಗಬ್ಬವಾದಾಗ, ಇದೇ ಅದರ ಕಡೆಯ ಸೂಲು ಎಂದು ಎಲ್ಲರಿಗೂ ಗೊತ್ತಿತ್ತು.

ಕೆಂಪಿ ಈಯಿತು. ಹೆಣ್ಣು ಕರು. ಆದರೆ ಅಂದು ಪೊಂಗಲ್.

ಪೊಂಗಲ್ ದಿನ ಹುಟ್ಟಿದ ಕರು ನಮ್ಮ ಊರಿನಲ್ಲಿ ದೇವರದು. ಊರಾಚೆ ದೇವರ ದೊಡ್ಡಿ ಇದೆ. ಅಲ್ಲಿನ ದನಗಳನ್ನು ಯಾರೂ ಮಾರುವುದಿಲ್ಲ, ನೊಗಕ್ಕೆ ಕಟ್ಟುವುದಿಲ್ಲ. ದಿನದ ಲೆಕ್ಕ ಸೂರ್ಯ ಹುಟ್ಟಿದ ಮೇಲೆ. ಅದಕ್ಕೆ ಮುಂಚೆ ಹುಟ್ಟಿದ್ದರೆ ಕರು ನಮ್ಮದು, ಆಮೇಲೆ ಹುಟ್ಟಿದ್ದರೆ ದೇವರದು. ಮನೆಯ ಮುಂದೆ ಅಮ್ಮ ಪೊಂಗಲ್ ಒಲೆ ಹೂಡುತ್ತಿದ್ದಳು, ನಾನು ಕೋಲದ ರಂಗೋಲಿ ಹಾಕುತ್ತಿದ್ದೆ. ಕೊಟ್ಟಿಗೆಯಲ್ಲಿ ಇದ್ದವಳು ಅವ್ವ ಒಬ್ಬಳೇ.

ಅಮ್ಮ, ಅಂದರೆ ಅವ್ವನ ಸೊಸೆ ರಾಜಮ್ಮಾಳ್, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಮಾತು ತೆಗೆದಳು. ನೋಡಿದವರು ಯಾರೂ ಇಲ್ಲ, ಕತ್ತಲು ಇರುವಾಗಲೇ ಈಯಿತು ಅಂದರೆ ಆಯಿತು, ದೊಡ್ಡಿಯಲ್ಲಿ ದೇವರಿಗೆ ಬೇಕಾದಷ್ಟು ಹಸುಗಳಿವೆ, ಈ ಹುಡುಗಿಗೆ ಇದೊಂದೇ, ಅತ್ತೆಯೇ ಕೊಟ್ಟ ಮಾತಲ್ಲವೇ ಎಂದಳು. ಅವ್ವ ಒಣಹುಲ್ಲಿನಿಂದ ಕರುವಿನ ಮೈ ಉಜ್ಜುತ್ತಲೇ ಇದ್ದಳು. ನಾನು ಅಮ್ಮನ ಹಿಂದೆ ನಿಂತು ಕರುವನ್ನೇ ನೋಡುತ್ತಿದ್ದೆ. ಕೆಂಪು ಬಣ್ಣ, ಹಣೆಯ ಮೇಲೆ ಬಿಳಿ ಮಚ್ಚೆ. ಅದು ನನ್ನದಾಗಲಿ ಎಂದು ನಾನೂ ಬೇಡಿಕೊಂಡೆ, ಅದೇ ದೇವರನ್ನು.

ಸುದ್ದಿ ತಿಳಿದು ದೊಡ್ಡಿಯ ಪೂಜಾರಿ ಗೋವಿಂದನ್ ಬಂದ. ಅವ್ವನಿಗೆ ವರಸೆಯಲ್ಲಿ ತಮ್ಮ, ತಮಾಷೆಯ ಮನುಷ್ಯ.

"ಏನಕ್ಕಾ, ಮೊದಲು ಬಂದದ್ದು ಸೂರ್ಯನೋ ಕರುವೋ?" ಎಂದು ಕೇಳಿದ.

ಅಮ್ಮ ಅವ್ವನ ಮುಖ ನೋಡಿದಳು. ಅವ್ವ ಕೈ ಒರೆಸಿಕೊಂಡು ಎದ್ದಳು.

"ಸೂರ್ಯ ಬಂದದ್ದನ್ನ ನಾನು ನೋಡ್ಲಿಲ್ಲ ಗೋವಿಂದಾ. ಕರು ಕೆಳಗೆ ಬಿದ್ದಾಗ ಮಾಡಿನ ಸಂದಿಯಿಂದ ಬಿಸಿಲು ಅದರ ಒದ್ದೆ ಮೈ ಮೇಲಿತ್ತು. ಅಷ್ಟು ಸಾಕಲ್ಲ?"

ಸಾಕಾಗಿತ್ತು. ಅಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಇಟ್ಟಳು. ಗೋವಿಂದನ್ ಹೋದ ಮೇಲೆ ಅವ್ವ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿನಗೆ ಕೊಟ್ಟ ಮಾತು ನನ್ನ ತಲೆ ಮೇಲಿದೆ, ನನ್ನ ಕಣ್ಣೇ, ನಾನು ಮರೆತಿಲ್ಲ" ಎಂದಳು. ಹೇಗೆ ತೀರಿಸುತ್ತಾಳೆ ಎಂದು ಹೇಳಲಿಲ್ಲ.

ಬೇರೆಯವರಾದರೆ ಕರು ಹುಲ್ಲು ತಿನ್ನುವವರೆಗೆ ಮನೆಯಲ್ಲಿಟ್ಟುಕೊಂಡು ಆಮೇಲೆ ದೊಡ್ಡಿಗೆ ಬಿಡುತ್ತಾರೆ. ಅವ್ವ ಗಿಣ್ಣುಹಾಲು ಮುಗಿದ ಕೂಡಲೇ ಕೊಂಡೊಯ್ದಳು. ಮನೆಯಲ್ಲಿದ್ದರೆ ಹೆಸರಿಡುತ್ತೇವೆ, ಹೆಸರಿಟ್ಟರೆ ನನ್ನಿಂದ ಬಿಡಲಾಗುವುದಿಲ್ಲ ಎಂದಳು. ದೇವರ ಮೇಲೆ ಇದ್ದ ನಂಬಿಕೆ ಅವಳಿಗೆ ತನ್ನ ಮನಸ್ಸಿನ ಮೇಲೆ ಇರಲಿಲ್ಲ. ಆದರೆ ಕರು ಹಾಲಿಲ್ಲದೆ ಬದುಕೀತೇ? ಅದಕ್ಕೆ ಬೆಳಿಗ್ಗೆಯೂ ಸಂಜೆಯೂ ಕೆಂಪಿಯನ್ನು ದೊಡ್ಡಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಮಂಜು ಇಳಿದು ಎದುರಿನ ಬೆಟ್ಟ ಕಾಣದ ದಿನವೂ, ಮೈ ಬಿಸಿಯಿದ್ದ ದಿನವೂ.

ಕರು ಎದುರಿಗಿಲ್ಲದೆ ಕೆಂಪಿ ಹಾಲು ಇಳಿಸುತ್ತಿರಲಿಲ್ಲ. ಹಾಗಾಗಿ ಅಲ್ಲೇ ಕರೆಯಬೇಕಾಯಿತು. ದೇವರ ದೊಡ್ಡಿಯಲ್ಲಿ ಕರೆದ ಹಾಲು ಯಾರದು ಎಂದು ಅವಳಿಗೆ ಯೋಚನೆ. ಗೋವಿಂದನ್‌ನನ್ನು ಕೇಳಿದರೆ ಅವನು ನಕ್ಕು, ಹಸು ನಿನ್ನದು, ಹುಲ್ಲು ನಿನ್ನದು, ನನ್ನ ಕಾಪಿಗೆ ಒಂದು ಲೋಟ ಕೊಟ್ಟರೆ ದೇವರು ಏನೂ ಅನ್ನುವುದಿಲ್ಲ ಎಂದ. ಅವ್ವ ತಾನೇ ಒಂದು ಕಟ್ಟಳೆ ಮಾಡಿಕೊಂಡಳು. ಎರಡು ಮೊಲೆ ಕರುವಿಗೆ, ಎರಡು ಮನೆಗೆ. ಕರುವಿನ ಎರಡನ್ನು ಅವಳು ಒಮ್ಮೆಯೂ ಮುಟ್ಟಿದ್ದನ್ನು ನಾನು ಕಾಣೆ. ಮನೆಗೆ ಹಾಲು ಸಾಲದೆ ಅಪ್ಪ ಕಪ್ಪು ಕಾಪಿ ಕುಡಿದ. ಅಮ್ಮ ಬೀದಿಯ ಹೆಂಗಸರ ಹತ್ತಿರ, "ನಮ್ಮತ್ತೆ ದೇವರಿಗೆ ಕರು ಕೊಟ್ರು, ಈಗ ದಿನಾ ಎರಡು ಹೊತ್ತು ಸುಂಕ ಕಟ್ಟಕ್ಕೆ ಹೋಗ್ತಾರೆ" ಎನ್ನುತ್ತಿದ್ದಳು. ಅವ್ವನಿಗೂ ಕೇಳಿಸುತ್ತಿತ್ತು. ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಕರು ಹುಲ್ಲು ಹಿಡಿದ ಮೇಲೆ ಆ ಓಡಾಟ ನಿಂತಿತು. ಮುಂದಿನ ವರ್ಷ ನನ್ನ ಮದುವೆ ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದವರ ಮನೆಗೆ ಗೊತ್ತಾಯಿತು. ಹಸು ಇಲ್ಲದೆಯೇ ಹೋದೆ. ನನ್ನ ಅತ್ತೆ ಮುನಿಯಮ್ಮಾಳ್ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಕೊಟ್ಟಿಗೆಯಲ್ಲಿ ಹೊಸದಾಗಿ ನೆಟ್ಟ ಗೂಟವನ್ನು ನಾನು ಬಂದ ದಿನವೇ ಕಂಡೆ.

ಮದುವೆಯಾದ ವಾರದಲ್ಲಿ ಒಂದು ಮಧ್ಯಾಹ್ನ ಹೊರಗೆ ಅವ್ವನ ದನಿ ಕೇಳಿಸಿತು. ಓಡಿಹೋಗಿ ನೋಡಿದರೆ ಕಾಲುವೆಯ ದಾರಿ ಹಿಡಿದು ನಡೆದೇ ಬಂದಿದ್ದಳು, ಕೈಯಲ್ಲಿ ಕೆಂಪಿಯ ಹಗ್ಗ. ಕೊಂಬಿಗೆ ಅರಿಸಿನ ಹಚ್ಚಿ ಹೂ ಸುತ್ತಿದ್ದಳು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಕರು ಬರುತ್ತೆ ಅಂದಿದ್ರು. ಇದೇನಮ್ಮಾ, ಅಜ್ಜಿನೇ ಬಂದಿದೆ."

"ಇಬ್ಬರು ಮುದುಕೀರು ಬಂದಿದ್ದೀವಿ ತಾಯೀ, ಒಬ್ಬಳನ್ನ ಇಟ್ಕೊಳ್ಳಿ," ಎಂದಳು ಅವ್ವ. "ಇವಳನ್ನ ಇಟ್ಕೊಂಡ್ರೆ ಲಾಭ. ನನಗಿಂತ ಮಾತು ಕಡಿಮೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ನೀರು, ಬೆಲ್ಲ ತಂದರು. ನಾನು ಅವ್ವನ ಕೈ ಹಿಡಿದು, ಕೆಂಪಿ ಇಲ್ಲದೆ ನೀನು ಬೆಳಿಗ್ಗೆ ಎದ್ದು ಯಾರಿಗೆ ಹುಲ್ಲು ಹಾಕುತ್ತೀಯ ಎಂದು ಕೇಳಿದೆ. ಅವಳು ಹಗ್ಗವನ್ನು ನನ್ನ ಕೈಗೆ ಸುತ್ತಿದಳು.

"ಕರು ದೇವರದು, ಅದನ್ನ ನಿನಗೆ ಕೊಡಕ್ಕೆ ನಾನ್ಯಾರು? ತಾಯಿ ನನ್ನದು ತಾನೇ. ನನ್ನದನ್ನ ಕೊಡಬಹುದಲ್ಲ."

ಕೊಟ್ಟಿಗೆಯಲ್ಲಿ ಕೆಂಪಿಯನ್ನು ಕಟ್ಟಿ ಅದರ ಬೆನ್ನು ಸವರಿ, ಬಸ್ಸು ಹಿಡಿದು ಹೋದಳು. ತಿರುಗಿ ನೋಡಲಿಲ್ಲ. ಅವಳು ಮತ್ತೆ ಹಸು ಸಾಕಲಿಲ್ಲ. ಜೀವನವೆಲ್ಲ ಹಾಲು ಕರೆದವಳು ಅಂಗಡಿಯ ಪ್ಯಾಕೆಟ್ ಹಾಲಿನ ಕಾಪಿ ಕುಡಿದಳು. ಆದರೂ ಬೆಳಿಗ್ಗೆ ಎದ್ದು ಹುಲ್ಲು ಕೊಯ್ದು ದೊಡ್ಡಿಗೆ ಹೊತ್ತುಕೊಂಡು ಹೋಗುತ್ತಿದ್ದಳು ಎಂದು ಅಮ್ಮನಿಂದ ತಿಳಿಯಿತು. ಕೆಂಪಿ ನಮ್ಮ ಮನೆಯಲ್ಲಿ ಮತ್ತೆ ಈಯಲಿಲ್ಲ. ನಾಲ್ಕು ವರ್ಷ ಇತ್ತು. ಅದರ ಹತ್ತಿರ ಹೆಚ್ಚು ಹೊತ್ತು ಕೂತು ಮಾತಾಡುತ್ತಿದ್ದವರು ನನ್ನ ಅತ್ತೆಯೇ.

ಹೋದ ವರ್ಷದ ಪೊಂಗಲಿಗೆ ನನ್ನ ಮಗಳು ಅಮುದಾಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅವ್ವನಿಗೆ ಎಂಬತ್ತು ದಾಟಿತ್ತು. ದೊಡ್ಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಮಡಿಲ ತುಂಬ ಕಬ್ಬಿನ ತುಂಡು ಇಟ್ಟುಕೊಂಡು ಕೂತಳು. ಅಮುದಾ ನಮ್ಮ ಮನೆಮಾತು ಕನ್ನಡವನ್ನು ಕೇಳಿ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಈ ದನಗಳಲ್ಲಿ ನಮ್ಮ ಕೆಂಪಿಯ ಸಂತಾನ ಯಾವುದು ಎಂದು ಕೇಳಿದಳು.

"ಯಾವುದೂ ನಮ್ಮದಲ್ಲ, ನನ್ನ ಕಣ್ಣೇ," ಎಂದಳು ಅವ್ವ.

ಹತ್ತಿರ ಬಂದ ದನಗಳಿಗೆಲ್ಲ ಕಬ್ಬು ಕೊಟ್ಟಳು. ಆದರೆ ಒಂದು ತುಂಡನ್ನು ಸೆರಗಿನಡಿ ಬಚ್ಚಿಟ್ಟುಕೊಂಡಿದ್ದಳು. ಹೊತ್ತಾಯಿತು, ಮನೆಗೆ ಹೋಗೋಣ ಎಂದರೂ ಏಳಲಿಲ್ಲ. ದೊಡ್ಡಿಯ ಆ ತುದಿಯಿಂದ, ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಒಂದು ಕೆಂಪು ಹಸು ನಿಧಾನವಾಗಿ ನಡೆದು ಬರುವವರೆಗೂ ಕೂತೇ ಇದ್ದಳು.

ಆಷಾಢದ ಹೊತ್ತಿಗೆ, ಆಡಿ ತಿಂಗಳಲ್ಲಿ, ಅವ್ವ ತೀರಿಕೊಂಡಳು. ಈ ಪೊಂಗಲಿಗೆ ಕಬ್ಬು ಕಡಿದು ಕೊಟ್ಟವಳು ಅಮುದಾ. ದೊಡ್ಡಿಗೆ ಹೊರಡುವಾಗ ನೋಡಿದೆ, ಒಂದು ತುಂಡನ್ನು ಬೇರೆಯಾಗಿ ದುಪಟ್ಟಾದ ತುದಿಗೆ ಕಟ್ಟಿಕೊಂಡಿದ್ದಳು.